ಸೆರಗಿನೊಳಗಿನ ಕೈ

ಅವರೆಕಾಯಿಯ ಸೊಗಡು ಒಮ್ಮೆ ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ, ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ನೆನೆಸಿದ ಕಾಳನ್ನು ಹಿತುಕುತ್ತ ಕೂತಿದ್ದೆ. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಇಟ್ಟು ಒತ್ತಿದರೆ ಬೇಳೆ ಪಾತ್ರೆಗೆ ಬೀಳುವ ಬದಲು ಗೋಡೆಗೆ ಹಾರುತ್ತಿತ್ತು. ಮಗಳ ಮಗಳು ಚಿನ್ನಿ ಅದನ್ನು ಹೆಕ್ಕಿ ತರುತ್ತ ನಗುತ್ತಿದ್ದಳು. ನನ್ನ ಬಲಗೈಯಲ್ಲಿ ತೋರುಬೆರಳೂ ಇಲ್ಲ, ನಡುಬೆರಳೂ ಇಲ್ಲ. ಮನೆಯವರ ಮುಂದೆ ನನಗೆ ಸಂಕೋಚವಿಲ್ಲ. ಹೊರಗಿನವರಾದ ನಿಮಗೆ ಹೇಳುತ್ತಿರುವುದು ಇದೇ ಮೊದಲು.

ನಮ್ಮದು ದಿಬ್ಬೂರಹಳ್ಳಿ ಕಡೆಯ ರೇಷ್ಮೆ ಸಾಕುವ ಮನೆ. ಹುಳುವಿಗೆ ಸೊಪ್ಪು ಕತ್ತರಿಸುವ ಮೆಷಿನ್ನಿಗೆ ಕೈ ಕೊಟ್ಟೆ. ಅವಸರ ನನ್ನದೇ, ಮೆಷಿನ್ನನ್ನು ಬೈಯಲಾರೆ. ಅದಕ್ಕೆ ಮುಂಚೆ ಆ ಕೈಯ ಮೇಲೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ನನ್ನ ರಂಗೋಲಿ ತುಳಿಯಬಾರದೆಂದು ಹಾಲಿನವನು ಗೋಡೆ ಸವರಿಕೊಂಡು ಬರುತ್ತಿದ್ದ; ಹಾಗೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳೂ ನಾನೇ.

ಗಾಯ ಬೇಗ ಮಾಯಿತು. ಆಸ್ಪತ್ರೆಯಲ್ಲಿ ಹಿಸುಕಲು ಒಂದು ಚೆಂಡು ಕೊಟ್ಟು, ನಾಲ್ಕು ಜನರ ಜೊತೆ ಓಡಾಡಿ ಎಂದರು. ಚೆಂಡು ಹಿಸುಕಿದೆ. ಜನರ ವಿಷಯ ಮಾತ್ರ ಆಗಲಿಲ್ಲ.

"ಬೆರಳು ಹೋದ್ರೆ ಹೋಯ್ತು ಬಿಡಮ್ಮ, ಕದ್ದು ಸಿಕ್ಕಾಕ್ಕೊಂಡೋಳ ಥರ ಯಾಕೆ ಕೂತ್ಕೋತೀಯ?" ಎಂದು ನಮ್ಮತ್ತೆ ಗದರಿಸುತ್ತಿದ್ದರು. ಅವರ ಒತ್ತಾಯಕ್ಕೇ ಚಿಂತಾಮಣಿಯ ನೆಂಟರ ಮನೆಯ ಸೀಮಂತಕ್ಕೆ ಹೋದೆ. ತಾಂಬೂಲ ಕೊಡಲು ಬಂದ ಅಜ್ಜಿಯ ಮುಂದೆ ಎಡಗೈ ಚಾಚಿದೆ, ಬಲಗೈ ಸೆರಗಿನೊಳಗಿತ್ತು. ಅಜ್ಜಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

"ಎಡಗೈಲಿ ತಗೋತಾರೇನಮ್ಮ? ಕುಡಿಚೆಯ್ಯಿ ಪಟ್ಟಮ್ಮ," ಬಲಗೈ ಹಿಡಿ ಎಂದು ತೆಲುಗು ಬೆರೆಸಿ ಹೇಳಿದರು.

ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ಬಲಗೈ ಆಚೆ ತೆಗೆದೆ. ಎಲ್ಲರ ಕಣ್ಣೂ ಅದರ ಮೇಲೇ ಬಿತ್ತು, ಅದೇ ಸಾಕಾಯಿತು. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ಆಮೇಲೆ ಮದುವೆ, ನಾಮಕರಣ ಎಲ್ಲಕ್ಕೂ ಯಜಮಾನರನ್ನೇ ಕಳಿಸಿದೆ. ಮುಹೂರ್ತ ಬಂತೆಂದರೆ ನನಗೆ ತಲೆನೋವು, ಇಲ್ಲವೇ ಮಂಡಿನೋವು. ಕುಂಕುಮ ಹಿಡಿದು ಮನೆಗೇ ಬಂದವರಿಗೆ "ನೀವೇ ಇಟ್ಬಿಡಿ" ಎಂದು ಹಣೆ ಒಡ್ಡುತ್ತಿದ್ದೆ. ಅದನ್ನು ವಿನಯ ಅಂದುಕೊಂಡವರೂ ಇದ್ದಾರೆ.

ಇವತ್ತೂ ಕಾಳು ಹಿತುಕುತ್ತಿರುವಾಗಲೇ ಹಿಂದಿನ ಬೀದಿಯ ಮೇಷ್ಟರ ಹೆಂಡತಿ ಮಗಳ ಮದುವೆಗೆ ಕರೆಯಲು ಬಂದರು. ನನ್ನ ಕೈ ತನ್ನಷ್ಟಕ್ಕೆ ತಾನೇ ಸೆರಗಿನೊಳಗೆ ಹೋಯಿತು. ಪಕ್ಕಕ್ಕೆ ನೋಡಿದರೆ ಚಿನ್ನಿಯೂ ತನ್ನ ಬಲಗೈಯನ್ನು ಫ್ರಾಕಿನೊಳಗೆ ತುರುಕಿಕೊಂಡು ನೆಟ್ಟಗೆ ಕೂತಿದ್ದಾಳೆ.

"ಯಾಕಮ್ಮ ಚಿನ್ನಿ, ಕೈಗೇನಾಯ್ತು?" ಎಂದು ಆಕೆ ಕೇಳಿದರು.

"ಏನಿಲ್ಲ. ಯಾರಾದ್ರೂ ಬಂದ್ರೆ ಈ ಕೈ ಒಳಗಿಟ್ಕೋಬೇಕು. ಅಲ್ವಾ ಅಜ್ಜಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿಂತಾಮಣಿಯಲ್ಲೂ ಇಷ್ಟು ನಾಚಿಕೆಯಾಗಿರಲಿಲ್ಲ. ಎಲ್ಲ ಬೆರಳೂ ಇರುವ ಮಗುವಿಗೆ ನಾನು ಕೈ ಬಚ್ಚಿಡುವುದನ್ನು ಕಲಿಸಿಬಿಟ್ಟಿದ್ದೆ.

"ಇಲ್ಲ ಕಣಮ್ಮ, ಹಂಗೇನಿಲ್ಲ" ಎಂದೆ. ಸೆರಗಿನೊಳಗೆ ಕೈ ಇಟ್ಟುಕೊಂಡು ಹೇಳಿದರೆ ಯಾರು ನಂಬುತ್ತಾರೆ? ಕೈ ಆಚೆ ತೆಗೆದು, ಸೆರಗಿಗೇ ಒರೆಸಿ, ಉಂಗುರದ ಬೆರಳನ್ನು ಆಕೆ ತಂದಿದ್ದ ಕುಂಕುಮದ ಭರಣಿಗೆ ಅದ್ದಿದೆ. ನನ್ನ ಹಣೆಗೆ ಇಟ್ಟುಕೊಂಡೆ.

"ನಂಗೂ ಅಜ್ಜಿ" ಎಂದು ಚಿನ್ನಿ ಫ್ರಾಕಿನಿಂದ ಕೈ ತೆಗೆದು ಮುಖ ಮುಂದೆ ತಂದಳು. ಬೊಟ್ಟು ಸೊಟ್ಟಗೆ ಬಿತ್ತು. ಬಂದಾಕೆ ನನ್ನ ಕೈಯನ್ನೇ ನೋಡುತ್ತಿದ್ದರು. ನೋಡಲಿ ಎಂದು ಅದನ್ನು ಅಲ್ಲೇ, ಮಗುವಿನ ಕೆನ್ನೆಯ ಮೇಲೆ, ಇಟ್ಟುಕೊಂಡೆ.