ಇಲಿ ಹುಡುಕುವ ಬಾಯಿ

ಇದನ್ನು ಎಲ್ಲರೆದುರು ಹೇಳದೆ ಮುಂದೂಡುತ್ತಲೇ ಬಂದೆ. ಮೊದಲು, ಅವ್ವ ಬದುಕಿರುವವರೆಗೆ ಬೇಡ ಎಂದುಕೊಂಡೆ. ಆಮೇಲೆ, ತಂಗಿ ಬದುಕಿರುವವರೆಗೆ ಬೇಡ ಎಂದುಕೊಂಡೆ. ಈಗ ಇಬ್ಬರೂ ಇಲ್ಲ, ನೆಪವೂ ಇಲ್ಲ.

ಪ್ಲೇಗಿನ ವರ್ಷಗಳಲ್ಲಿ ಗೋಕಾಕದ ನಮ್ಮ ಓಣಿಗೆ ದಿನವೂ ಮುಂಜಾನೆ ಕ್ರಿಸ್ತರ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು, ಎಲ್ಲರಿಗೂ ಆಕೆ ಬರೀ 'ಬಾಯಿ'. ಬಿಳಿ ಸೀರೆ, ಒಂದು ಕೈಯಲ್ಲಿ ಕಬ್ಬಿಣದ ಇಕ್ಕಳ, ಇನ್ನೊಂದರಲ್ಲಿ ಮುಚ್ಚಳದ ಡಬ್ಬಿ. ಸತ್ತ ಇಲಿ ಹುಡುಕುವುದು ಆಕೆಯ ಕೆಲಸ. ಅಡುಗೆಮನೆಗೆ ಗಂಡಸರನ್ನು ಯಾರೂ ಬಿಡುತ್ತಿರಲಿಲ್ಲ, ಅದಕ್ಕೇ ಹೆಂಗಸನ್ನು ನೇಮಿಸಿದ್ದರು. ಒಂದು ಇಲಿ ಸಿಕ್ಕರೂ ಓಣಿಯ ಜನವೆಲ್ಲ ಊರಾಚೆಯ ಗುಡಿಸಲುಗಳಿಗೆ ಹೋಗಬೇಕು. ಮನೆಗಳ ಹಂಚು ತೆಗೆದು ಒಳಗೆ ಬಿಸಿಲು ಬಿಡುತ್ತಿದ್ದರು. ಇಲಿ ಸಿಗದಿದ್ದರೆ ಆಕೆ ಬಾಗಿಲಿಗೆ ಸುಣ್ಣದ ಗೆರೆ ಎಳೆದು ಹೋಗುವಳು.

"ಬಂತು ನೋಡ್ರಿ ಬೆಕ್ಕು," ಎಂದು ಹೆಂಗಸರು ಚುಚ್ಚುತ್ತಿದ್ದರು.

"ಹಂಗಾದ್ರ ಹಾಲರ ಹಾಕ್ರಿ ಅವ್ವಾ," ಎನ್ನುತ್ತ ಒಳಗೆ ಬಂದೇ ಬಿಡುವಳು.

ತಂಗಿಯ ಮದುವೆಗೆ ನಾಲ್ಕು ದಿನ ಇದ್ದಾಗ ನಮ್ಮ ಜೋಳದ ಚೀಲಗಳ ಹಿಂದೆ ಇಲಿ ಸತ್ತು ಬಿದ್ದಿತ್ತು. ಬೆಲ್ಲದ ಬಾಗೇವಾಡಿಯ ಬೀಗರು ಆಗಲೇ ಎರಡು ಸಲ ಮುಹೂರ್ತ ಮುಂದೆ ಹಾಕಿದ್ದರು. ಹೈಸ್ಕೂಲು ಕಲಿತು ಎಲ್ಲ ತಿಳಿದಿದ್ದ ನಾನೇ ಅದನ್ನು ಹಿತ್ತಿಲ ತಿಪ್ಪೆಯಲ್ಲಿ ಹುಗಿದೆ.

ಬಾಯಿ ಬಂದು ಚೀಲ ಸರಿಸಿ ಮೂಸಿದಳು. "ನಾತ ಬರಾಕತ್ತೈತಲ್ಲ ತಮ್ಮಾ?"

"ಹಪ್ಪಳದ ಹಿಟ್ಟು ಹುಳಿ ಬಂದೈತ್ರಿ."

"ಸಾಲಿ ಕಲ್ತಾಂವ ಹೇಳಿದ ಮ್ಯಾಲೆ ಆತು," ಎಂದು ಗೆರೆ ಎಳೆದಳು.

ಮದುವೆಯಾಯಿತು. ವಾರದೊಳಗೆ ಬಾಜೂ ಮನೆಯ ಗಂಡಹೆಂಡಿರಿಬ್ಬರೂ ಗಡ್ಡೆ ಎದ್ದು ತೀರಿಕೊಂಡರು. ನಾಯಿಗಳು ತಿಪ್ಪೆ ಕೆದರಿ ಇಲಿಯನ್ನು ಹೊರಗೆಳೆದಿದ್ದವು. ಆಕೆಯನ್ನು ನೇಮಿಸಿದ್ದ ಪ್ಲೇಗಿನ ಸಾಹೇಬರು ಓಣಿಯ ನಡುವೆ ಬಾಯಿಯನ್ನು ನಿಲ್ಲಿಸಿ, ಮದುವೆ ಮನೆಯಲ್ಲಿ ಉಂಡು ಗೆರೆ ಎಳೆದೆಯಾ ಎಂದು ಕೇಳಿದರು.

"ಆ ಹುಡುಗ ಸುಳ್ಳ ಹೇಳಾಂವಲ್ರಿ. ನನ್ನ ಮೂಗೇ ತಪ್ಪೇತಿ," ಎಂದಳು.

ನಾನು ಗುಂಪಿನಲ್ಲೇ ಇದ್ದೆ. ತಲೆ ತಗ್ಗಿಸಿ ಹಿಂದೆ ಸರಿದೆ. ಅಂದೇ ಆಕೆಯ ಕೆಲಸ ಹೋಯಿತು, ಓಣಿಯವರೆಲ್ಲ ಗುಡಿಸಲುಗಳಿಗೆ ಹೋದೆವು.

ಕೆಲಸ ಹೋದರೂ ನಮ್ಮ ಗುಡಿಸಲುಗಳಿಗೆ ಬಂದು ಬೇನೆ ಬಿದ್ದವರಿಗೆ ಗಂಜಿ ಕುಡಿಸುತ್ತಿದ್ದಳು. "ಎಷ್ಟ ಹೋಳಿಗಿ ತಿಂದಿ ಬಾಯಿ?" ಎಂದು ಯಾರೋ ಕೂಗಿದರು.

"ತಿಂದಿದ್ರ ಹಿಂಗ ಸಣಕಲಾ ಇರ್ತಿದ್ನೇನೋ ಯಪ್ಪಾ?"

ನನಗೆ ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಪ್ಲೇಗಿನ ಭಯವೆಂದು ತಿಳಿದು ಆಕೆ ಬಳಿ ಕುಳಿತಳು. "ಅಂಜಿಕಿ ಪ್ಲೇಗಿನ ಮನಿ ಇದ್ದಾಂಗ ತಮ್ಮಾ. ಬಾಗಲಾ ಹಾಕ್ಕೊಂಡು ಕುಂತ್ರ ಹೋಗೂದಿಲ್ಲ, ಹಂಚ ತಗೀಬೇಕು. ಮುಂಜಾನೆದ್ದು ಒಳಗ ಇದ್ದದ್ದೆಲ್ಲಾ ಯೇಸುಸ್ವಾಮಿಗೆ ತೋರ್ಸು. ಹೊಸಾ ಮನಸ ಅಂವ ಕೊಡ್ತಾನ. ನಾನೂ ದಿನಾ ಬೇಡ್ತೇನಿ. ನಿನ್ನಿ ಮನಸ ಇವತ್ತಿಗೆ ಸಾಲೂದಿಲ್ಲ."

ಹಾಗೇ ಮಾಡಿದೆ. ಸಾವಿನ ಭಯ, ಅವ್ವನ ಚಿಂತೆ, ಎಲ್ಲ ಹೇಳಿಕೊಂಡೆ, ಇಲಿಯೊಂದನ್ನು ಬಿಟ್ಟು. ಅಷ್ಟಕ್ಕೇ ನಿದ್ದೆ ಬಂತು, ಅನ್ನ ಸೇರಿತು. ಅರ್ಧ ಹಂಚು ತೆಗೆದರೂ ಅಷ್ಟು ಬೆಳಕು ಬಿತ್ತು. ಮುಂದೆ ನಾನೂ ಆಕೆಯ ದೇವರ ಹಾದಿ ಹಿಡಿದೆ.

ಎಷ್ಟೋ ವರ್ಷಗಳ ಮೇಲೆ, ತೀರಿಕೊಂಡ ಆ ಗಂಡಹೆಂಡಿರ ಮಗನನ್ನು ಮೂಡಲಗಿಯಲ್ಲಿ ಹುಡುಕಿ ಇಲಿಯ ಸಂಗತಿ ಹೇಳಿದೆ. ಅವನು ಬೈದ, ಅತ್ತ, ಕಡೆಗೆ ಕುಡಿಯಲು ನೀರು ಕೊಟ್ಟ. ಆ ಧೈರ್ಯದ ಮೇಲೆ, ಬಾಯಿಗೂ ಹೇಳಲೆಂದು, ಆಕೆಯ ಊರು ಹುಕ್ಕೇರಿಗೆ ಹೋದೆ. ಆಕೆಯ ಕಣ್ಣು ಮಂಜಾಗಿದ್ದವು, ದನಿ ಹಿಡಿದೇ ಗುರುತಿಸಿದಳು. ರೊಟ್ಟಿ ಬಡಿದು ಬಡಿಸಿದಳು.

"ತಂಗಿ ಸುಖದಾಗ ಅದಾಳೇನೋ? ನನ್ನ ಕೆಲಸ ಹೋದ್ರೂ ಆ ಮದವಿ ಒಂದು ಸುಸೂತ್ರ ಆತಲ್ಲ, ಅಷ್ಟ ಸಮಾಧಾನ ನೋಡು."

"ಸುಖದಾಗ ಅದಾಳ್ರಿ," ಎಂದಷ್ಟೇ ಹೇಳಿದೆ. ಎರಡು ರೊಟ್ಟಿ ಉಂಡು, ಕೈ ತೊಳೆದು, ಬಂಡಿ ಹತ್ತಿದೆ. ಮರುವರ್ಷ ಆಕೆ ತೀರಿಕೊಂಡ ಸುದ್ದಿ ಬಂತು.

ಓಣಿಯಲ್ಲಿ ಆಕೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿ ತಿಳಿದಿದ್ದೆ. ಹುಕ್ಕೇರಿಯ ಮಾರ್ಥಾಬಾಯಿ.