ಕುಂಕುಮ ಹಚ್ಚಿದ ಕಳ್ಳಮಾಲು

ಹೋದ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಮನೆಯ ಕಂಪ್ಯೂಟರ್ ನನ್ನನ್ನು ಕಳ್ಳಿ ಎಂದಿತು.

ಅಷ್ಟು ಒರಟಾಗಿ ಅಲ್ಲ. ಇಂಗ್ಲಿಷಿನಲ್ಲಿ, ಮರ್ಯಾದೆಯಾಗಿ. ನೀವು ಬಳಸುತ್ತಿರುವ ಸಾಫ್ಟ್‌ವೇರ್ ಅಸಲಿಯಲ್ಲ ಅಂತ ಒಂದು ಕೆಂಪು ಪಟ್ಟಿ ತೋರಿಸಿ, ನಾನು ಕೇಳಿದ ಫೈಲನ್ನು ತೆರೆಯುವುದಿಲ್ಲ ಎಂದು ಕೂತುಬಿಟ್ಟಿತು. ನಾನಾದರೋ ಸ್ನಾನ ಮಾಡಿ, ದೀಪ ಹಚ್ಚಿ, ಸಹಸ್ರನಾಮ ಮುಗಿಸಿ ಬಂದವಳು. ಆಯುಧಪೂಜೆಯಲ್ಲಿ ಅದರ ಹಣೆಗೆ ನಾನೇ ಇಟ್ಟ ಕುಂಕುಮ ಇನ್ನೂ ಹಾಗೇ ಇತ್ತು. ಕುಂಕುಮ ಇಡಿಸಿಕೊಂಡವರು ಹೀಗೆಲ್ಲ ಮಾತಾಡುತ್ತಾರಾ?

ಆ ಫೈಲಿನಲ್ಲಿ ಇದ್ದದ್ದು ಮಾದಿ ಹೆತ್ತೆಯ ಹಾಡುಗಳು.

ಹೆತ್ತೆ ಅಂದರೆ ನಮ್ಮ ನೀಲಗಿರಿಯ ಬಡಗರ ಮಾತಿನಲ್ಲಿ ಅಜ್ಜಿ. ನಾನು ಮಸಿನಗುಡಿಯಿಂದ ಮದುವೆಯಾಗಿ ಕೂನೂರಿಗೆ ಬಂದಾಗ ಪಕ್ಕದ ಮನೆಯಲ್ಲಿದ್ದವಳು, ಈಗಲೂ ಇದ್ದಾಳೆ. ದೇವಿಯ ಮೇಲೆ ಅರವತ್ತಕ್ಕೂ ಹೆಚ್ಚು ಹಾಡು ಅವಳ ಬಾಯಲ್ಲಿತ್ತು. ನಮ್ಮ ಶುಕ್ರವಾರದ ಭಜನೆ ನಡೆಯುತ್ತಿದ್ದದ್ದೇ ಅವಳಿಂದ. ಎರಡು ಚಳಿಗಾಲ ಅವಳ ಪಕ್ಕ ಕೂತು, ಅವಳು ಹೇಳಿದಂತೆ ನೋಟುಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಒಂದು ಬೆರಳಲ್ಲಿ ಟೈಪ್ ಮಾಡಿದ್ದೆ. (ಎರಡು ಬೆರಳು ನನಗೆ ಇವತ್ತಿಗೂ ಬಂದಿಲ್ಲ.)

ನೋಟುಪುಸ್ತಕ ಎಲ್ಲಿ ಅಂತ ಕೇಳಬೇಡಿ. ಸರಿ, ಕೇಳಿ. ಮಂಜು ಬಿದ್ದ ಒಂದು ಬೆಳಿಗ್ಗೆ ಸೌದೆ ಹತ್ತಲಿಲ್ಲವೆಂದು ನಮ್ಮವರು ಅದರ ಹಾಳೆ ಹರಿದು ಬಾಯ್ಲರಿನ ಒಲೆಗೆ ಹಾಕಿದರು. ‘ಎಲ್ಲಾ ಕಂಪ್ಯೂಟರಿಗೆ ಏರಿಸಿ ಆಯ್ತಲ್ಲ, ಇನ್ನು ಇದು ಯಾಕೆ?’ ಅಂದರು. ಬಿಸಿನೀರು ಚೆನ್ನಾಗಿ ಕಾದಿತ್ತು. ನಾನೂ ಸುಮ್ಮನೆ ಸ್ನಾನ ಮಾಡಿದೆ. ತಪ್ಪಿನಲ್ಲಿ ನನ್ನದೂ ಅರ್ಧ ಪಾಲು.

ಹೋಗಲಿ, ಹೆತ್ತೆಯನ್ನೇ ಮತ್ತೆ ಕೇಳಿ ಬರೆದುಕೊಂಡರಾಯಿತು ಅನ್ನುತ್ತೀರಿ. ಅದೇ ಆಗದ ಮಾತು. ಈ ವರ್ಷ ಹೆತ್ತೆಗೆ ಮರೆವು ಶುರುವಾಗಿದೆ. ಮೊದಲ ಸಾಲು ಎತ್ತುತ್ತಾಳೆ, ಎರಡನೆಯದಕ್ಕೆ ನಮ್ಮ ಮುಖ ನೋಡುತ್ತಾಳೆ. ಆ ಹಾಡುಗಳು ಉಳಿದಿದ್ದರೆ ಆ ಫೈಲಿನಲ್ಲಿ. ಇಲ್ಲವಾದರೆ ಇಲ್ಲ.

ಅಂಗಡಿಯ ಸೆಲ್ವಂಗೆ ಫೋನ್ ಮಾಡಿದೆ. ನಮಗೆ ಕಂಪ್ಯೂಟರ್ ಮಾರಿ, ಒಳಗಿನದ್ದೆಲ್ಲ ಹಾಕಿಕೊಟ್ಟವನು ಅವನೇ.

‘ಸೆಲ್ವಂ, ಇದು ಅಸಲಿ ಅಲ್ಲ ಅಂತಿದೆಯಪ್ಪಾ.’

‘ಅಕ್ಕಾ, ಒರಿಜಿನಲ್ ತರಹವೇ ಅಕ್ಕಾ ಅದು.’

‘ತರಹವೇ ಅಂದ್ರೆ?’

‘ಎಲ್ಲಾರ ಮನೇಲೂ ಅದೇ ಇರೋದು ಅಕ್ಕಾ. ಡಾಕ್ಟರ್ ಮನೇಲೂ ಅದೇ. ನೀವು ನೆಟ್ ಕನೆಕ್ಷನ್ ಏನಾದ್ರೂ ಕೊಟ್ರಾ?’

‘ಹೋದ ವಾರ ಕೊಟ್ವಿ.’

‘ಅಯ್ಯೋ, ಅದೇ ತಪ್ಪು! ಕಂಪನಿಯವರಿಗೆ ಗೊತ್ತಾಗಿಬಿಡ್ತು.’

ನೋಡಿ, ಕದ್ದದ್ದು ತಪ್ಪಲ್ಲ, ಕದ್ದ ಮನೆಯ ಬಾಗಿಲು ತೆರೆದಿಟ್ಟದ್ದು ತಪ್ಪು. ‘ಚಿಂತೆ ಬಿಡಿ ಅಕ್ಕಾ, ಸಂಜೆ ಬಂದು ಇನ್ನೊಂದು ಕ್ರ್ಯಾಕ್ ಹಾಕ್ತೀನಿ’ ಅಂದ. ಕ್ರ್ಯಾಕ್ ಅಂದರೆ ಬೀಗ ಒಡೆಯುವ ಉಪಾಯವಂತೆ.

ನಮ್ಮವರು ಇಲ್ಲೇ ಪಕ್ಕದ ವೆಲ್ಲಿಂಗ್ಟನ್ನಿನ ಆಫೀಸಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ‘ಮೂವತ್ತು ವರ್ಷದಲ್ಲಿ ಆಫೀಸಿನ ಒಂದು ಪೆನ್ಸಿಲ್ ಮನೆಗೆ ತಂದವನಲ್ಲ ನಾನು’ ಅಂತ ನೆಂಟರಿಗೆಲ್ಲ ಹೇಳುವವರು. ಅವರು ಈಗ ಏನಂದರು ಗೊತ್ತಾ? ‘ಬರ್ಲಿ ಬಿಡೇ, ಹಾಕ್ಲಿ. ಯಾರು ನೋಡ್ತಾರೆ?’

ಯಾರು ನೋಡ್ತಾರೆ! ಅಲ್ಲ, ಯಾರ ಮೇಲಿನ ಹಾಡು ಟೈಪ್ ಮಾಡಿದ್ದೇವೋ ಆ ದೇವಿಯೇ ನೋಡುತ್ತಿದ್ದಳಲ್ಲ! ಎರಡು ಚಳಿಗಾಲ ದೇವಿಗೆ ಕದ್ದ ತಟ್ಟೆಯಲ್ಲಿ ನೈವೇದ್ಯ ಇಟ್ಟಿದ್ದೆ ಅನ್ನಿಸಿತು. ಸೆಲ್ವಂಗೆ ಬರಬೇಡ ಎಂದೆ.

ಹಾಗಾದರೆ ಅಸಲಿ ಕೊಂಡುಬಿಡೋಣ ಅಂದರೆ, ಅದು ಕೊಳ್ಳುವುದಲ್ಲವಂತೆ, ವರ್ಷಾವರ್ಷ ಬಾಡಿಗೆ. ಹಾಡು ಹೆತ್ತೆಯದು, ಬೆರಳು ನನ್ನದು, ಬೀಗ ಮಾತ್ರ ಅವರದು. ನಮ್ಮದೇ ಮನೆಗೆ ಹೋಗಲು ಪ್ರತಿ ವರ್ಷ ಬೀಗದ ಕೈಗೆ ಬಾಡಿಗೆ ಕೊಡಬೇಕು. ಚೆನ್ನಾಗಿದೆ!

ಮಧ್ಯಾಹ್ನ ಭಜನೆಗೆ ಹೆತ್ತೆಯೂ ಸೇರಿ ಎಂಟು ಜನ ಬಂದರು. ನಾನು ತಾಳ ತಪ್ಪಿದೆ, ಸಾಲು ತಪ್ಪಿದೆ. ಮಂಗಳಾರತಿಯಾದ ಮೇಲೆ ಶೈಲಜಾ ಟೀಚರ್ ಅಡುಗೆಮನೆಗೇ ಬಂದರು. ಚೇರಂಬಾಡಿಯವರು. ಗಡಿ ದಾಟಿ ಕೇರಳದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ, ಈಗ ಮಗಳ ಮನೆಯಲ್ಲಿ ಇಲ್ಲೇ ಇದ್ದಾರೆ.

‘ಎಂತಾಯ್ತು ಚೇಚಿ?’ ಅಂದರು. (ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ.) ಹೇಳಿದೆ. ಟೀಚರ್ ಪರ್ಸಿನಿಂದ ಬೆರಳುದ್ದದ ಪೆನ್ ಡ್ರೈವ್ ತೆಗೆದರು. ‘ಇದ್ರಲ್ಲಿ ಬೇರೆ ಸಾಫ್ಟ್‌ವೇರ್ ಉಂಟು. ನಮ್ಮ ಶಾಲೆಯ ಮಕ್ಕಳೆಲ್ಲ ಇದ್ರಲ್ಲೇ ಕಲಿತದ್ದು. ಪುಕ್ಕಟೆ. ಕಳ್ಳತನ ಅಲ್ಲ. ಮಾಡಿದವರೇ ಎಲ್ಲರಿಗೂ ಅಂತ ಕೊಟ್ಟದ್ದು.’

‘ಪುಕ್ಕಟೆ’ ಎಂಬ ಮಾತು ಕೇಳಿದ್ದೇ ಹಾಲಿನಲ್ಲಿದ್ದ ನಮ್ಮವರು ಎದ್ದು ಬಂದರು. ‘ಟೀಚರ್, ಪುಕ್ಕಟೆ ಕೊಡೋದರಲ್ಲಿ ಏನಾದರೂ ಹುಳುಕು ಇದ್ದೇ ಇರುತ್ತೆ. ವೈರಸ್ಸೋ, ಇನ್ನೊಂದೋ. ನಾಳೆ ಕೆಟ್ಟರೆ ಯಾರು ಜವಾಬ್ದಾರಿ?’

‘ಈಗ ಕೆಟ್ಟದ್ದಕ್ಕೆ ಯಾರು ಸಾರೇ ಜವಾಬ್ದಾರಿ?’ ಅಂದರು ಟೀಚರ್.

ಇವರು ಬಂದ ದಾರಿಯಲ್ಲೇ ವಾಪಸು ಹೋಗಿ ಕೂತರು. ನಮ್ಮ ಮನೆಯಲ್ಲಿ ಇದು ಸಣ್ಣ ಕೃಪೆಯಲ್ಲ.

ಆದರೂ ನನಗೆ ಆಶ್ಚರ್ಯವೇ. ದೇವಸ್ಥಾನದ ಅನ್ನದಾನಕ್ಕೆ ಮೊದಲ ಸಾಲಿನಲ್ಲಿ ಕೂರುವವರು ಇವರು. ಅಲ್ಲಿ ಒಂದು ದಿನವೂ ಸಾಂಬಾರನ್ನು ‘ನಿನ್ನ ಹಿಂದೆ ಯಾರಿದ್ದಾರೆ?’ ಅಂತ ಕೇಳಿದವರಲ್ಲ. ಕದ್ದ ಮಾಲಿಗೆ ಬೆಲೆ ಜಾಸ್ತಿ ಎನ್ನುವ ಕಾರಣಕ್ಕೆ ಗೌರವ, ಕೈಯಾರೆ ಕೊಟ್ಟದ್ದಕ್ಕೆ ಅನುಮಾನ. ಇದು ನಮ್ಮ ಮನೆಯ ಕಾಯಿಲೆ ಮಾತ್ರವಾ? ನಿಮ್ಮ ಕಂಪ್ಯೂಟರಿನ ಹಣೆಯನ್ನೂ ಒಮ್ಮೆ ನೋಡಿಕೊಳ್ಳಿ.

ಟೀಚರ್ ಅದನ್ನು ಹಾಕಿದರು. ಹಾಕುವಾಗ ಒಂದು ಪುಟ ಬಂತು. ಟೀಚರ್ ಓದಿ ಹೇಳಿದರು: ಬಳಸಬಹುದು, ನಕಲು ಮಾಡಬಹುದು, ಯಾರಿಗೆ ಬೇಕಾದರೂ ಕೊಡಬಹುದು, ಬೇಕಾದಂತೆ ತಿದ್ದಿಕೊಳ್ಳಲೂಬಹುದು. ‘ಬಾರದು’ ಅನ್ನುವ ಪದಕ್ಕೆ ನಾನು ಕಾಯುತ್ತಲೇ ಇದ್ದೆ. (ಮೂವತ್ತೈದು ವರ್ಷ ಸಂಸಾರ ಮಾಡಿದವಳು, ಅಭ್ಯಾಸ.)

ಆಮೇಲೆ ಹೆತ್ತೆಯ ಫೈಲಿನ ಮೇಲೆ ಒತ್ತಿದರು. ನಾನು ಕಣ್ಣು ಮುಚ್ಚಿ ದೇವಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ.

ತೆರೆಯಿತು.

ಸುಳ್ಳು ಹೇಳಬಾರದು, ಎಲ್ಲ ಸರಿಯಿರಲಿಲ್ಲ. ಸಾಲುಗಳು ಜರುಗಿದ್ದವು, ಅಕ್ಷರ ದಪ್ಪವಾಗಿತ್ತು, ಪ್ರಿಂಟ್ ಬಟನ್ ಎಲ್ಲಿದೆ ಅಂತ ನಮ್ಮವರು ಶನಿವಾರವಿಡೀ ಹುಡುಕಿದರು. ಆದರೆ ಒಂದು ಹಾಡೂ ಕಳೆದಿರಲಿಲ್ಲ. ಮೊದಲ ಕೆಲಸವಾಗಿ ಪೆನ್ ಡ್ರೈವಿಗೆ ಎರಡು ಪ್ರತಿ ಹಾಕಿಸಿದೆ. ಬಾಯ್ಲರಿನಿಂದ ದೂರ ಇಟ್ಟಿದ್ದೇನೆ.

ಟೀಚರ್ ಹೋಗುವಾಗ ಹೆತ್ತೆಯ ಮುಂದೆ ತಲೆಬಾಗಿದರು. ಇಲ್ಲಿ ಹಿರಿಯರಿಗೆ ತಲೆಬಾಗಿದರೆ ಅವರು ನೆತ್ತಿಯ ಮೇಲೆ ಕೈಯಿಟ್ಟು ಉದ್ದಕ್ಕೆ ಹರಸುತ್ತಾರೆ. ಹಾಡು ಮರೆತವಳಿಗೆ ಹರಸುವುದು ಮರೆತಿರಲಿಲ್ಲ. ‘ಬದುಕಿ ಬಾಳು, ಒಂದು ಸಾವಿರವಾಗಲಿ’ ಅಂದಳು.

ಒಂದು ಸಾವಿರವಾಗಲಿ! ಆ ಪುಟದಲ್ಲಿ ಇಂಗ್ಲಿಷಿನಲ್ಲಿ ಅಷ್ಟುದ್ದ ಬರೆದದ್ದನ್ನು ಹೆತ್ತೆ ಎರಡೇ ಮಾತಲ್ಲಿ ಮುಗಿಸಿದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಸೋಮವಾರ ಹಾಡುಗಳದ್ದೊಂದು ಪುಸ್ತಕ ಮಾಡೋಣವೆಂದು ಪ್ರಿಂಟ್ ತೆಗೆದರೆ, ಮೊದಲ ಪುಟದಲ್ಲಿ ನಾನು ಟೈಪ್ ಮಾಡದ ಒಂದು ಸಾಲು ಇತ್ತು. ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ.’ ಕೆಳಗೆ ನನ್ನ ಹೆಸರು. ಪ್ರಿಂಟ್ ಬಟನ್ ಹುಡುಕುತ್ತ ನಮ್ಮವರು ಮಾಡಿದ ಉಪಕಾರ.

‘ಇದೇನ್ರೀ?’

‘ಪುಸ್ತಕ ಅಂದಮೇಲೆ ಅದು ಇರಬೇಕು ಕಣೇ. ಇಲ್ಲದಿದ್ರೆ ಯಾರು ಬೇಕಾದ್ರೂ ನಕಲು ಮಾಡ್ಕೊಂಡು ಹಾಡ್ತಾರೆ.’

ಕೈಯಲ್ಲಿದ್ದ ಹಾಳೆಗಳನ್ನು ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ. ಹೆತ್ತೆ ಬಿಸಿಲಿಗೆ ಕೂತಿದ್ದಳು. ಆಲೂಗಡ್ಡೆ ಹೊಲದ ಬದುವಿನಲ್ಲಿ ದೇವಿ ಬಂದು ಕೂತ ಹಾಡನ್ನು ಓದಿದೆ. ಅವಳ ಅತ್ತೆ ಕಲಿಸಿದ ಹಾಡು, ಅವಳು ನನಗೆ ಎಲ್ಲಕ್ಕಿಂತ ಮೊದಲು ಬರೆಸಿದ ಹಾಡು. ಹೆತ್ತೆ ತಲೆದೂಗುತ್ತ ಕೊನೆಯವರೆಗೂ ಕೇಳಿದಳು.

‘ಚೆನ್ನಾಗಿದೆ ಹೆಣ್ಣೇ. ಯಾರದು ಇದು? ನಾನೂ ಹಾಡಬಹುದಾ?’

ಹಕ್ಕು ಕಾದಿರಿಸಿದ ಮಹನೀಯರೇ, ಅವಳಿಗೆ ನೀವೇ ಬಂದು ಉತ್ತರ ಹೇಳುತ್ತೀರಾ?