ಮುಖ ಒಳಗಿರಬೇಕಾದ ಉಂಗುರ

ಉಂಗುರವೆಂದರೆ ಬೇರೆಯವರ ಕಣ್ಣಿಗೆ ಬೀಳಲೆಂದೇ ಹಾಕಿಕೊಳ್ಳುವುದು ಎಂದು ನಾನು ಅರವತ್ತು ದಾಟುವವರೆಗೂ ನಂಬಿದ್ದೆ. ಹರಳು ಹೊರಗಡೆ ಇರಬೇಕು, ಇದರಲ್ಲಿ ಕಲಿಯುವುದೇನಿದೆ? ಮಕ್ಕಳೇ, ನಿಮ್ಮ ಅವ್ವನೂ ನನ್ನ ಮಗಳೇ ತಾನೆ. ಹಾಗೇ ನಂಬಿದ್ದಳು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಅವಳ ಕೆಲಸ ಏನೆಂದು ನೀವು ಕೇಳುತ್ತಿರುತ್ತೀರಿ. ರೋಗಿಯ ನರಕ್ಕೆ ಕೊಡುವ ಔಷಧಿಯಲ್ಲೇ ಕಿರಣ ಇರುತ್ತದೆ. ಅದು ಮೈಯೊಳಗೆ ಹೋಗಿ, ರೋಗ ಎಲ್ಲಿದೆ ಎಂದು ಯಂತ್ರಕ್ಕೆ ತೋರಿಸುತ್ತದೆ. ಆ ಔಷಧಿಯನ್ನು ಸಿರಿಂಜಿಗೆ ಎಳೆಯುವವಳು ಅವಳು. ದಿನಾ ತಾಗಿದರೆ ಆ ಕಿರಣ ಕೇಡು. ಅದನ್ನು ತಡೆಯುವ ಸೀಸದ ಅಡ್ಡಗೋಡೆಯ ಹಿಂದೆ ಮೈ ಮರೆಯಾಗುತ್ತದೆ, ಕೈ ಮರೆಯಾಗುವುದಿಲ್ಲ. ಅದಕ್ಕೇ ಕೈಗವಸಿನ ಒಳಗೆ ಒಂದು ಪ್ಲಾಸ್ಟಿಕ್ ಉಂಗುರ. ಬೆರಳಿಗೆ ಎಷ್ಟು ಕಿರಣ ತಾಗಿತು ಎಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಎಲ್ಲರ ಉಂಗುರಗಳನ್ನೂ ಪರೀಕ್ಷೆಗೆ ಕಳಿಸುತ್ತಾರೆ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ, ಪಕ್ಕದ ಮನೆಯ ಮಾಬೂಬಿಗೆ ಈ ಸುದ್ದಿ ಹೇಳಿದಾಗ ಅವಳು ಮೊದಲು ಕೇಳಿದ್ದು, "ಬೆಳ್ಳೀದೇನಕ್ಕಾ, ಬಂಗಾರದ್ದೋ?" ಪ್ಲಾಸ್ಟಿಕ್ಕಿನದು ಎಂದೆ. ಇಷ್ಟು ಸಾಲಿ ಕಲಿತು ಜಾತ್ರೆಯ ಉಂಗುರವೇ ಎಂದು ನಕ್ಕಳು. ಮಂದಿಯೆದುರು ಬಾಯಿ ಬಿಡದ ನಾನು ಅಂದು ಮಾತ್ರ, ನನ್ನ ಮಗಳ ಬೆರಳಿನ ಲೆಕ್ಕ ಎಲ್ಲರಿಗಿಂತ ಕಡಿಮೆ ಬರುತ್ತದೆ, ಅವಳ ಕೈ ಅಷ್ಟು ಚುರುಕು ಎಂದು ಜಂಬ ಕೊಚ್ಚಿದೆ.

ಆ ಜಂಬ ಇಳಿಸಿದವರು ದವಾಖಾನೆಗೆ ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ. ಅವಳು ಗವಸು ಕಳಚುವಾಗ ನೋಡಿದರಂತೆ. ಉಂಗುರದ ಅಳೆಯುವ ಮುಖ ಕೈಬೆನ್ನಿನ ಕಡೆಗಿತ್ತು. ಔಷಧಿ ಇರುವುದು ಅಂಗೈ ಕಡೆ, ಅದಕ್ಕೇ ಲೆಕ್ಕ ಅಷ್ಟು ಕಡಿಮೆ ಬರುತ್ತಿತ್ತು. "ಲಗ್ನದಾಗ ತೋರ್ಸೋ ಉಂಗುರ ಅಲ್ರಿ ಇದು. ಮುಖ ಒಳಗ ಇರಬೇಕು" ಎಂದರಂತೆ. ತಿರುಗಿಸಿ ಹಾಕಿಕೊಂಡ ಮೇಲೆ ಲೆಕ್ಕ ಬಹಳ ಹೆಚ್ಚು ಬಂತು. ಹೀಗೇ ಏರಿದರೆ ಔಷಧಿ ಎಳೆಯುವ ಕೆಲಸ ಬಿಡಿಸುತ್ತೇವೆ ಎಂದರು. ಹಿಂದಿನ ವರ್ಷಗಳಲ್ಲಿ ಎಷ್ಟು ತಾಗಿತ್ತೋ, ಅದನ್ನು ಇನ್ನು ಯಾರೂ ಹೇಳಲಾರರು.

ನನಗಿದು ತಿಳಿಯಲು ಹೊತ್ತು ಹಿಡಿಯಿತು. ರೊಟ್ಟಿ ಬೇಯಿಸುವಾಗ ಹಂಚು ತಾಗಿದರೆ ಬೆರಳು ತಾನೇ ಹಿಂದೆ ಬರುತ್ತದೆ. ಚೇಳು ಕೂಡ ಕಡಿದದ್ದನ್ನು ಮುಚ್ಚಿಡುವುದಿಲ್ಲ. ಈ ಕಿರಣ ಮಾತ್ರ ನಿಮ್ಮ ಅಜ್ಜನ ಹಾಗೆ. ಮಗ್ಗದಲ್ಲಿ ಕೂತು ಕೆಮ್ಮುತ್ತಿದ್ದರು. ಕೇಳಿದರೆ "ಏನಿಲ್ಲ ತಗೋ" ಎನ್ನುತ್ತಿದ್ದರು. ದವಾಖಾನೆಯವರು ತಡವಾಯಿತು ಎನ್ನುವವರೆಗೂ ಅದನ್ನೇ ಅಂದರು.

ಬೇಸಿಗೆಯಲ್ಲಿ ನಿಮ್ಮ ಅವ್ವ ಒಬ್ಬಳೇ ಬಂದಿದ್ದಳು. ಒಲೆಯ ಹತ್ತಿರ ಕೂತು, ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಕೊಟ್ಟ ಉಪಾಯ ಹೇಳಿದಳು.

"ಮತ್ತ ಹೊರಗ ತಿರುಗಿಸ್ಕೋ ಅಂತಾಳವ್ವ. ಗವಸಿನ ಒಳಗ ಯಾರ್ ನೋಡ್ತಾರ?"

ಆ ಕೆಲಸವೆಂದರೆ ಅವಳಿಗೆ ಜೀವ. ಅದಕ್ಕೇ ನನ್ನನ್ನು ಕೇಳಲು ಬಂದಿದ್ದಳು. ಅವಳ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಕಲೆಯೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ಒಳಗ ಇರ್ಲಿ. ಅದೊಂದಾದ್ರೂ ಖರೇ ಹೇಳ್ಲಿ" ಎಂದೆ.

"ಕೆಲಸ ಬಿಡಸ್ತಾರವ್ವ."

ಬಿಡಿಸಲಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಹಿಟ್ಟು ನಾದುತ್ತಾ ಕೂತೆ.

ಅವಳು ಉಂಗುರದ ಮುಖ ಒಳಗೇ ಇಟ್ಟುಕೊಂಡಳು. ಲೆಕ್ಕ ಮತ್ತೆ ಹೆಚ್ಚೇ ಬಂತು. ಈಗ ಅವಳನ್ನು ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿಗೆ ಹಾಕಿದ್ದಾರೆ, ಎಲ್ಲಿಯವರೆಗೋ ಗೊತ್ತಿಲ್ಲ. ಕೈ ಖಾಲಿ ಅನಿಸುತ್ತದೆ ಎಂದು ಫೋನಿನಲ್ಲಿ ಅಂದಳು. ಮಕ್ಕಳೇ, ಸಂಜೆ ಬಂದು ಅವಳು ಸುಮ್ಮನೆ ಕೂತರೆ ಏನೂ ಕೇಳಬೇಡಿ. ಅವಳಿಂದ ನಿಮಗೆ ಏನೂ ಅಂಟುವುದಿಲ್ಲ, ದೂರವೂ ನಿಲ್ಲಬೇಡಿ. ಹತ್ತಿರ ಹೋಗಿ ಜಡೆ ಹಾಕು ಎನ್ನಿ. ಹಾಕಿದ್ದನ್ನು ಬಿಚ್ಚಿ ಇನ್ನೊಮ್ಮೆ ಹಾಕು ಎನ್ನಿ. ಅಷ್ಟು ಹೊತ್ತಾದರೂ ಆ ಬೆರಳುಗಳಿಗೆ ಕೆಲಸ ಸಿಗಲಿ.